ಸರ್ಕಾರಿ ಅಭಿಯೋಜಕರ ಕಚೇರಿಯಲ್ಲಿ ಬೇಸಿಗೆ ಇಂಟರ್ನ್‌ಷಿಪ್: ವಿದ್ಯಾರ್ಥಿಗೆ ಅಲ್ಲಿ ಕಲಿಯಲು ಏನಿದೆ?

ಐದು ವರ್ಷದ ಕಾನೂನು ಪದವಿಯ ಮೂರನೇ ವರ್ಷದಲ್ಲಿರುವ ನೀವು ಕೇಳಿರುವುದು ಇಷ್ಟು: ಗೆಳೆಯರೆಲ್ಲ ಬೆಂಗಳೂರಿನ ಲಾ ಫರ್ಮ್‌ಗಳಿಗೆ ಹೊರಟಿರುವಾಗ ತಾವು ಮಾತ್ರ ಊರಿನ ನ್ಯಾಯಾಲಯದಲ್ಲಿರುವ ಸರ್ಕಾರಿ ಅಭಿಯೋಜಕರ (ಕ್ರಿಮಿನಲ್ ಪ್ರಕರಣಗಳಲ್ಲಿ ಸರ್ಕಾರದ ಪರ ವಾದಿಸುವ ವಕೀಲರ) ಕಚೇರಿಗೆ ನಾಲ್ಕು ವಾರ ಹೋಗುವುದು ಸರಿಯೇ, ಅಲ್ಲಿ ವಿದ್ಯಾರ್ಥಿಗೆ ಕೆಲಸವೆಂಬುದು ಸಿಗುತ್ತದೆಯೇ, ಇಲ್ಲವೇ ಸುಮ್ಮನೆ ಕುಳಿತು ಬರಬೇಕೇ ಎಂದು. ನಾನು 2023ರ ಬೇಸಿಗೆಯಲ್ಲಿ, ನಾಲ್ಕನೇ ವರ್ಷದಲ್ಲಿದ್ದಾಗ, ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಇಂಥ ಕಚೇರಿಯಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕರೊಬ್ಬರ ಕೈಕೆಳಗೆ ನಾಲ್ಕು ವಾರ ಕಲಿತೆ. ಈಗ ಆರೋಪಿಗಳ ಪರವಾಗಿಯೇ ಹೆಚ್ಚು ಪ್ರಕರಣಗಳನ್ನು ನಡೆಸುತ್ತಿದ್ದೇನೆ. ಖಂಡಿತ ಹೋಗಿ ಎಂದೇ ಹೇಳುತ್ತೇನೆ.

ಮೊದಲು ಲೆಕ್ಕದ ಮಾತು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಪದವಿಗೆ ಒಟ್ಟು 20 ವಾರ, ಮೂರು ವರ್ಷದ ಪದವಿಗೆ 12 ವಾರ ಇಂಟರ್ನ್‌ಷಿಪ್ ಆಗಬೇಕು, ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ. ಒಂದು ಬೇಸಿಗೆಯನ್ನು ಈ ಕಚೇರಿಗೆ ಕೊಟ್ಟರೆ ಉಳಿದ ವರ್ಷಗಳು ಫರ್ಮ್‌ಗಳಿಗೆ ಇದ್ದೇ ಇರುತ್ತವೆ.

ಅಲ್ಲಿ ಕಲಿಯುವ ಮುಖ್ಯ ವಿದ್ಯೆ ಕಡತ ಓದುವುದು. ಕಾಲೇಜಿನಲ್ಲಿ ನಾವು ಓದುವುದು ತೀರ್ಪುಗಳನ್ನು, ಅಂದರೆ ಸಂಗತಿಗಳೆಲ್ಲ ಇತ್ಯರ್ಥವಾದ ಮೇಲಿನ ಕಥೆಯನ್ನು. ಅಭಿಯೋಜಕರ ಮೇಜಿಗೆ ಬರುವ ದೋಷಾರೋಪಣ ಪಟ್ಟಿಯಲ್ಲಿ (ಚಾರ್ಜ್‌ಶೀಟ್) ಇನ್ನೂ ಏನೂ ಇತ್ಯರ್ಥವಾಗಿರುವುದಿಲ್ಲ. ಫಿರ್ಯಾದು, ಎಫ್‌ಐಆರ್, ಸ್ಥಳ ಮಹಜರು, ಜಪ್ತಿ ಮಹಜರು, ಗಾಯದ ಪ್ರಮಾಣಪತ್ರ, ಸಾಕ್ಷಿಗಳ ಹೇಳಿಕೆಗಳು ಒಂದರ ಮೇಲೊಂದು ಪೋಣಿಸಿರುತ್ತವೆ, ಅವುಗಳಲ್ಲಿ ಬಹುಪಾಲು ಕನ್ನಡದಲ್ಲಿರುತ್ತವೆ, ಕೆಲವು ಇನ್ನೂ ಕೈಬರಹದಲ್ಲೇ ಇರುತ್ತವೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನನ್ನ ಸಹಪಾಠಿಯೊಬ್ಬರು ಮೊದಲ ವಾರ ಒಂದು ಮಹಜರನ್ನು ಓದಿ ಮುಗಿಸಲು ಅರ್ಧ ದಿನ ತೆಗೆದುಕೊಂಡರು. ನಿಮಗೆ ಕನ್ನಡ ಚೆನ್ನಾಗಿ ಓದಲು ಬರೆಯಲು ಬರುತ್ತದೆ ಎಂದಾದರೆ ಆ ಕಚೇರಿಯಲ್ಲಿ ನೀವು ಮೊದಲ ದಿನದಿಂದಲೇ ಉಪಯೋಗಕ್ಕೆ ಬರುತ್ತೀರಿ.

ನನಗೆ ಸಿಕ್ಕ ಮೊದಲ ಕೆಲಸ ದೊಣ್ಣೆಯಿಂದ ಹೊಡೆದ ಒಂದು ಪ್ರಕರಣದ ಸಾಕ್ಷಿಗಳ ಪಟ್ಟಿ ತಯಾರಿಸುವುದು: ಚಾ.ಸಾ.1 (ಚಾರ್ಜ್‌ಶೀಟ್‌ನ ಮೊದಲ ಸಾಕ್ಷಿ) ಯಾರು, ಏನು ನೋಡಿದ್ದಾರೆ, ಯಾವ ದಾಖಲೆಯನ್ನು ಅವರ ಮೂಲಕ ಗುರುತಿಸಬೇಕು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಸಾಲು. ಬರೆಯುತ್ತಾ ಹೋದಾಗ ಒಂದು ಕಡೆ ತಡೆದು ನಿಂತೆ. ದೊಣ್ಣೆಯ ಜಪ್ತಿ ಮಹಜರನ್ನು ಮಧ್ಯಾಹ್ನ 3.30ರಿಂದ 4.30ರ ನಡುವೆ ಮಾಡಿದ್ದಾಗಿ ಬರೆದಿತ್ತು, ಅದರ ತಲೆಬರಹದಲ್ಲಿ ಠಾಣೆಯ ಅಪರಾಧ ಸಂಖ್ಯೆಯೂ ಇತ್ತು. ಆದರೆ ಎಫ್‌ಐಆರ್ ದಾಖಲಾದ ಸಮಯ ಸಂಜೆ 5.15. ಎಫ್‌ಐಆರ್ ದಾಖಲಾದಾಗಲೇ ಹುಟ್ಟುವ ಸಂಖ್ಯೆ ಅದಕ್ಕೂ ಮೊದಲಿನ ಮಹಜರಿನಲ್ಲಿ ಹೇಗೆ ಬಂತು? ಕಡತವನ್ನು ನನ್ನ ಅಭಿಯೋಜಕರಾದ ಮೇಡಂ ಅವರ ಮುಂದೆ ಹಿಡಿದಾಗ, ಇದನ್ನು ಕಂಡದ್ದೇ ತಪ್ಪಾಯಿತೇನೋ ಎಂಬ ಅಳುಕು ನನಗಿತ್ತು. ಅವರು ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ಓದಿ, "ಇದೇ ಹಾಳೆ ಆರೋಪಿಯ ವಕೀಲರ ಕೈಯಲ್ಲೂ ಇದೆ. ಮುಚ್ಚಿಡುವುದಕ್ಕೆ ನಾವು ಯಾರು?" ಎಂದರು. ಸಾಕ್ಷ್ಯದ ದಿನ ತನಿಖಾಧಿಕಾರಿಯನ್ನು ಮುಖ್ಯ ವಿಚಾರಣೆಯಲ್ಲೇ (ಸಾಕ್ಷಿಯನ್ನು ಕರೆಸಿದ ಕಡೆಯವರೇ ಮೊದಲು ಪ್ರಶ್ನಿಸುವ ಹಂತ) ಅವರು ನೇರವಾಗಿ ಆ ಬಗ್ಗೆ ಕೇಳಿದರು. ಅಪರಾಧ ಸಂಖ್ಯೆಯನ್ನು ಠಾಣೆಗೆ ಮರಳಿದ ಮೇಲೆ ಸೇರಿಸಿದ್ದು ಎಂದು ಆ ಅಧಿಕಾರಿ ಒಪ್ಪಿಕೊಂಡರು, ಅದು ಹಾಗೆಯೇ ದಾಖಲಾಯಿತು. ಅದನ್ನು ನಂಬುವುದೋ ಬಿಡುವುದೋ ನ್ಯಾಯಾಧೀಶರಿಗೆ ಸೇರಿದ್ದು. ಪಾಟೀ ಸವಾಲಿಗೆ (ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸಲು) ನಿಂತಾಗಲೆಲ್ಲ ನಾನು ಇಂದಿಗೂ ಮೊದಲು ನೋಡುವುದು ಸಮಯದ ಕಾಲಂ ಅನ್ನೇ.

ಅಭಿಯೋಜಕರು ಪೊಲೀಸರ ವಕೀಲರು ಎಂದು ಜನ ಭಾವಿಸುತ್ತಾರೆ, ನಾನೂ ಹಾಗೆಯೇ ಭಾವಿಸಿದ್ದೆ. 1999ರಲ್ಲಿ ಶಿವಕುಮಾರ್ ವಿರುದ್ಧ ಹುಕಂಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೇಗಾದರೂ ಶಿಕ್ಷೆ ಕೊಡಿಸಲೇಬೇಕೆಂಬ ದಾಹ ಸರ್ಕಾರಿ ಅಭಿಯೋಜಕರಿಗೆ ಇರಬಾರದು, ಆರೋಪಿಗೆ ಅನುಕೂಲವಾಗುವ ಸಂಗತಿಯಿದ್ದರೆ ಅದನ್ನೂ ನ್ಯಾಯಾಲಯದ ಮುಂದೆ ತರಬೇಕು ಎಂಬ ಅರ್ಥದ ಮಾತು ಹೇಳಿದೆ. ಆ ತೀರ್ಪನ್ನು ಹೋಗುವ ಮೊದಲು ಓದಿಕೊಳ್ಳಿ, ಚಿಕ್ಕದೇ ಇದೆ. ಫಿರ್ಯಾದುದಾರರು ನೇಮಿಸಿಕೊಂಡ ಖಾಸಗಿ ವಕೀಲರು ಏಕೆ ತಾವೇ ಸಾಕ್ಷಿಯನ್ನು ವಿಚಾರಣೆ ಮಾಡದೆ ಅಭಿಯೋಜಕರ ನಿರ್ದೇಶನದಂತೆ ನಡೆಯಬೇಕಾಗುತ್ತದೆ ಎಂಬುದೂ ಅದರಿಂದ ತಿಳಿಯುತ್ತದೆ.

ಸಾಕ್ಷಿಗಳನ್ನು ಹತ್ತಿರದಿಂದ ನೋಡುವ ಅವಕಾಶ ಬೇರೆಲ್ಲೂ ಇಷ್ಟು ಸಿಗುವುದಿಲ್ಲ. ಒಂದು ಬೆಳಗ್ಗೆ ಹತ್ತೂವರೆಗೆ ಅಜ್ಜಿಯೊಬ್ಬರು ಸಮನ್ಸನ್ನು ನಾಲ್ಕಾಗಿ ಮಡಚಿ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಅದು ಅವರು ಬರುತ್ತಿದ್ದ ಮೂರನೇ ಸಲ, ಹಿಂದಿನ ಎರಡು ಸಲವೂ ಪ್ರಕರಣ ಮುಂದಕ್ಕೆ ಹೋಗಿತ್ತು. "ಇವತ್ತಾದರೂ ನನ್ನ ಮಾತು ಕೇಳ್ತಾರೇನವ್ವಾ?" ಎಂದು ಮೇಡಂ ಅವರನ್ನು ಕೇಳಿದರು. ಮೇಡಂ ಅಜ್ಜಿಯನ್ನು ಕೂರಿಸಿ, ನೋಡಿದ್ದನ್ನು ಮಾತ್ರ ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಹೆದರಬೇಡಿ ಎಂದಷ್ಟೇ ಹೇಳಿದರು. ಅಂದು ಅಜ್ಜಿಯ ಸಾಕ್ಷ್ಯ ನಡೆಯಿತು. ಅದೇ ದಿನ ಇಬ್ಬರು ಪಂಚರು (ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವರು), ಠಾಣೆಯಲ್ಲಿ ಸಹಿ ಹಾಕೆಂದರು, ಹಾಕಿದೆವು ಎಂದು ತಿರುಗಿಬಿದ್ದರು, ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು ಪರಿಗಣಿಸಿ ಪಾಟೀ ಸವಾಲು ಮಾಡಲು ಮೇಡಂ ಅನುಮತಿ ಕೇಳಬೇಕಾಯಿತು. ಸಾಕ್ಷಿ ಏಕೆ ತಿರುಗಿಬೀಳುತ್ತಾರೆ ಎಂಬುದಕ್ಕೆ ಆಮಿಷ, ಬೆದರಿಕೆ ಎಂದು ಪುಸ್ತಕ ಹೇಳುತ್ತದೆ. ಮೂರು ಸಲ ಕೂಲಿ ಬಿಟ್ಟು ಬಂದ ಬೇಸರವೂ ಒಂದು ಕಾರಣ ಎಂಬುದು ಆ ಮೊಗಸಾಲೆಯಲ್ಲಿ ನಿಂತರೆ ಗೊತ್ತಾಗುತ್ತದೆ.

ಈಗ ಹೋಗುವವರು ಎರಡೂ ಕಾನೂನುಗಳನ್ನು ಜೊತೆಗಿಟ್ಟುಕೊಳ್ಳಬೇಕು. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಗೆ ಬಂದಿದ್ದರೂ ಅದಕ್ಕೂ ಮುಂಚೆ ಬಾಕಿಯಿದ್ದ ವಿಚಾರಣೆಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಂತೆಯೇ ಮುಂದುವರಿಯುತ್ತವೆ. ಪೊಲೀಸರು ಸಾಕ್ಷಿಯ ಹೇಳಿಕೆ ಪಡೆಯುವ 161ನೇ ಕಲಂ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 180 ಆಗಿದೆ, ದೋಷಾರೋಪಣ ಪಟ್ಟಿಯ 173 ಈಗ 193, ಆರೋಪಿಯ ಹೇಳಿಕೆಯ 313 ಈಗ 351. ಜಪ್ತಿಯನ್ನು ಆಡಿಯೊ ವಿಡಿಯೊ ಚಿತ್ರೀಕರಣ ಮಾಡಬೇಕೆಂದು ಹೊಸ ಸಂಹಿತೆಯ 105ನೇ ಕಲಂ ಹೇಳುವುದರಿಂದ, ನಾನು ಕಂಡಂಥ ಸಮಯದ ಗೊಂದಲಗಳನ್ನು ನೀವು ಹಾಳೆಯ ಜೊತೆಗೆ ವಿಡಿಯೊದಲ್ಲೂ ಹುಡುಕಬೇಕಾಗಬಹುದು.

ಕೆಲವು ಗೆರೆಗಳನ್ನು ದಾಟಲೇಬಾರದು. ವಿದ್ಯಾರ್ಥಿ ನ್ಯಾಯಾಲಯದಲ್ಲಿ ವಾದ ಮಾಡುವಂತಿಲ್ಲ. ಕೇಸ್ ಡೈರಿಯನ್ನು (ಪೊಲೀಸರ ದಿನದಿನದ ತನಿಖಾ ಟಿಪ್ಪಣಿ) ತೋರಿಸಿ ಎಂದು ಕೇಳಬೇಡಿ. ಕಡತದ ಒಂದು ಹಾಳೆಯನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆಯಬೇಡಿ, ಲೈಂಗಿಕ ಅಪರಾಧದ ಸಂತ್ರಸ್ತರ ಗುರುತನ್ನು ಪ್ರಕಟಿಸುವುದೇ ಅಪರಾಧ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ) ಪ್ರಕರಣಗಳ ವಿಚಾರಣೆ ಗೌಪ್ಯವಾಗಿ ನಡೆಯುವುದರಿಂದ ಆಗ ಹೊರಗೆ ಹೋಗಿ ಎಂದರೆ ಬೇಸರ ಮಾಡಿಕೊಳ್ಳದೆ ಎದ್ದು ಬನ್ನಿ.

ಅರ್ಜಿಯ ವಿಷಯದಲ್ಲಿ ನಾನು ಮಾಡಿದ್ದು ಇಷ್ಟೇ: ಪ್ರಾಂಶುಪಾಲರ ಪತ್ರ ಹಿಡಿದು ಏಪ್ರಿಲ್ ಮೊದಲ ವಾರವೇ ಕಚೇರಿಗೆ ಹೋಗಿ, ಅನುಮತಿ ಯಾರಿಂದ ಬರಬೇಕು ಎಂದು ಅಲ್ಲಿಯ ಸಿಬ್ಬಂದಿಯನ್ನೇ ಕೇಳಿದೆ. ಬೇಸಿಗೆ ರಜೆಯಲ್ಲಿ ಯಾವ ನ್ಯಾಯಾಲಯ ನಡೆಯುತ್ತದೆ, ಸಾಕ್ಷ್ಯ ಯಾವ ವಾರ ಹೆಚ್ಚು ಎಂಬುದನ್ನೂ ಆಗಲೇ ವಿಚಾರಿಸಿ ದಿನಾಂಕ ಗೊತ್ತುಮಾಡಿಕೊಳ್ಳಿ, ಇಲ್ಲದಿದ್ದರೆ ಬರೀ ಮುಂದೂಡಿಕೆಗಳನ್ನು ನೋಡಿ ಬರಬೇಕಾದೀತು. ನನಗೆ ಸಂಭಾವನೆ ಇರಲಿಲ್ಲ, ಬಸ್ಸಿನ ಖರ್ಚು ನನ್ನದೇ. ದಿನಚರಿ ಪುಸ್ತಕವನ್ನು ಅಂದಂದೇ ಬರೆದು ಪ್ರತಿ ಶನಿವಾರ ಸಹಿ ಹಾಕಿಸಿಕೊಳ್ಳಿ, ಅದರಲ್ಲಿ ಸಾಕ್ಷಿಗಳ ಹೆಸರು ಬೇಡ, ಚಾ.ಸಾ. ಸಂಖ್ಯೆ ಸಾಕು.