15ನೇ ಕ್ರೋಮೋಸೋಮಿನ ಒಂದೇ ತುಂಡು ಬಿಟ್ಟುಹೋದರೂ ಎರಡು ಬೇರೆ ಬೇರೆ ಕಾಯಿಲೆ ಬರುವುದು ಯಾಕೆ?

ಆ ತುಂಡು ಯಾರಿಂದ ಬಂದ ಕ್ರೋಮೋಸೋಮಿನಲ್ಲಿ ಇಲ್ಲ ಎನ್ನುವುದೇ ಕಾರಣ. ಅಪ್ಪನಿಂದ ಬಂದದ್ದರಲ್ಲಿ ಇಲ್ಲದಿದ್ದರೆ ಪ್ರೇಡರ್-ವಿಲ್ಲಿ ಸಿಂಡ್ರೋಮ್, ಅಮ್ಮನಿಂದ ಬಂದದ್ದರಲ್ಲಿ ಇಲ್ಲದಿದ್ದರೆ ಏಂಜಲ್‌ಮನ್ ಸಿಂಡ್ರೋಮ್.

ಎರಡೂ ಎಷ್ಟು ಬೇರೆ ನೋಡಿ. ಪ್ರೇಡರ್-ವಿಲ್ಲಿ ಇರುವ ಕೂಸಿಗೆ ಹಾಲು ಚೀಪುವಷ್ಟೂ ಶಕ್ತಿ ಇರುವುದಿಲ್ಲ. ಬೆಳೆಯುತ್ತಾ ಹಸಿವು ಎಷ್ಟು ಜಾಸ್ತಿ ಆಗುತ್ತದೆ ಎಂದರೆ ಕೆಲವು ಮನೆಗಳಲ್ಲಿ ಫ್ರಿಜ್‌ಗೆ ಬೀಗ ಹಾಕಬೇಕಾಗುತ್ತದೆ. ಏಂಜಲ್‌ಮನ್ ಇರುವ ಮಗು ಆಗಾಗ ನಗುತ್ತಿರುತ್ತದೆ, ತೋಳೆತ್ತಿಕೊಂಡು ತಡವರಿಸುತ್ತಾ ನಡೆಯುತ್ತದೆ. ಮಾತು ಮಾತ್ರ ಬರುವುದೇ ಕಡಿಮೆ. ಫಿಟ್ಸ್ ಕೂಡ ಬರಬಹುದು.

ಒಂದು ಜೀನ್ ಹೋದರೂ ಅದರ ಜೋಡಿ ಇರುತ್ತದೆ ಅಲ್ವಾ? ಇಲ್ಲಿ ಆ ಆಸರೆ ಇಲ್ಲ. ಅಂಡಾಣು, ವೀರ್ಯಾಣು ತಯಾರಾಗುವಾಗಲೇ ಈ ಭಾಗಕ್ಕೆ ರಾಸಾಯನಿಕ ಗುರುತು ಬೀಳುತ್ತದೆ. ಆ ಗುರುತಿನಿಂದಾಗಿ ಇಲ್ಲಿನ ಕೆಲವು ಜೀನ್‌ಗಳಲ್ಲಿ ಅಪ್ಪನದೋ ಅಮ್ಮನದೋ ಒಂದು ಪ್ರತಿ ಮಾತ್ರ ಕೆಲಸ ಮಾಡುತ್ತದೆ, ಇನ್ನೊಂದು ಸುಮ್ನೆ ಇರುತ್ತದೆ. ಇದೇ ಇಂಪ್ರಿಂಟಿಂಗ್. ಯುಬಿಇ3ಎ ಜೀನ್ ನರಕೋಶಗಳಲ್ಲಿ ಅಮ್ಮನ ಪ್ರತಿಯಿಂದಲೇ ಕೆಲಸ ಮಾಡುತ್ತದೆ. ಅದು ಹೋದರೆ ಏಂಜಲ್‌ಮನ್. ಪ್ರೇಡರ್-ವಿಲ್ಲಿಯಲ್ಲಿ ಹೋಗುವುದು ಅಪ್ಪನ ಪ್ರತಿಯಿಂದ ಮಾತ್ರ ನಡೆಯುವ ಬೇರೆ ಜೀನ್‌ಗಳು.

ತಳಿವಿಜ್ಞಾನಿ ಜೋನ್ ನೋಲ್ ಮತ್ತು ಸಂಗಡಿಗರು 1989ರಲ್ಲಿ ಈ ಅಪ್ಪ-ಅಮ್ಮನ ವ್ಯತ್ಯಾಸವನ್ನು ತೋರಿಸಿಕೊಟ್ಟರು. ಏಂಜಲ್‌ಮನ್‌ಗೆ ಯುಬಿಇ3ಎ ಕಾರಣ ಎಂದು ಗೊತ್ತಾದದ್ದು 1997ರಲ್ಲಿ.

‘ಅಪ್ಪನಿಂದ, ಅಮ್ಮನಿಂದ’ ಎಂದ ಕೂಡಲೇ ಹೆತ್ತವರು ತಮ್ಮನ್ನೇ ದೂರಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೆಚ್ಚಿನವರಲ್ಲಿ ಈ ತುಂಡು ತಾನಾಗಿಯೇ, ಹೊಸದಾಗಿ ಬಿಟ್ಟುಹೋಗಿರುತ್ತದೆ. ಏಂಜಲ್‌ಮನ್‌ನಲ್ಲಿ ಸುಮ್ಮನಿರುವ ಅಪ್ಪನ ಪ್ರತಿಯನ್ನು ಎಬ್ಬಿಸುವ ಔಷಧಿಗಳನ್ನು ಈಗ ಮಕ್ಕಳಲ್ಲಿ ಪರೀಕ್ಷಿಸುತ್ತಿದ್ದಾರೆ.