ಗಡಿಯಾಚೆಯ ಷೇರುಪೇಟೆಯಲ್ಲಿ ಬಂಡವಾಳ ಎತ್ತಬಹುದೇ?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಹದಿನೈದು ವರ್ಷಗಳಿಂದ ಸಿಯಾಟಲ್‌ನಲ್ಲಿ ನೆಲೆಸಿದ್ದೇನೆ. ಇಬ್ಬರು ಗೆಳೆಯರೊಡನೆ ಸೇರಿ ಸಣ್ಣ ಆಸ್ಪತ್ರೆಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಒದಗಿಸುವ ಕಂಪನಿಯನ್ನು ಇಲ್ಲಿಯೇ ನೋಂದಾಯಿಸಿ ನಡೆಸುತ್ತಿದ್ದೇನೆ. ಅಲ್ಪಸ್ವಲ್ಪ ಲಾಭವಿದೆ, ಬೆಳೆಸಲು 40 ಲಕ್ಷ ಡಾಲರ್ ಬೇಕು. ದೊಡ್ಡ ಹೂಡಿಕೆದಾರರಿಗೆ ನಮ್ಮದು ತೀರ ಚಿಕ್ಕದು, ಅಮೆರಿಕದ ನಾಸ್ಡಾಕ್ ಷೇರುಪೇಟೆ ನಮ್ಮ ಅಳವಿಗೆ ಮೀರಿದ್ದು. ಸಣ್ಣ ಕಂಪನಿಗಳ ಷೇರುಪೇಟೆಯಾದ ಕೆನಡಾದ ಟಿಎಸ್‌ಎಕ್ಸ್ ವೆಂಚರ್‌ನಲ್ಲಿ ಷೇರು ಪಟ್ಟಿ ಮಾಡಿಸಿ ಎಂದು ವ್ಯಾಂಕೂವರಿನ ಸಲಹೆಗಾರರೊಬ್ಬರು ಹೇಳುತ್ತಿದ್ದಾರೆ. ಮುಂದುವರಿಯಬಹುದೇ?

ಉತ್ತರ: ನಿಮ್ಮ ಸಲಹೆಗಾರರು ತೋರಿಸಿದ ದಾರಿ ನಿಜವಾದದ್ದೇ. ವ್ಯಾಂಕೂವರ್ ಮತ್ತು ಆಲ್ಬರ್ಟಾದ ಷೇರು ವಿನಿಮಯ ಕೇಂದ್ರಗಳು 1999ರಲ್ಲಿ ಒಂದಾಗಿ, 2001ರಲ್ಲಿ ಟೊರಾಂಟೊ ವಿನಿಮಯ ಕೇಂದ್ರದ ಕೈಸೇರಿ, ಮರುವರ್ಷ ಈಗಿನ ಹೆಸರು ಪಡೆದ ಈ ಪೇಟೆ, ಇನ್ನೂ ಒಂದು ಡಾಲರ್ ಆದಾಯವನ್ನೂ ಕಾಣದ ಗಣಿ ಅನ್ವೇಷಣಾ ಕಂಪನಿಗಳಿಗೆ ಹಣ ಹೊಂದಿಸಿಕೊಡುತ್ತಲೇ ಬೆಳೆದದ್ದು. ಹೀಗಾಗಿ 40 ಲಕ್ಷ ಡಾಲರ್ ಅಲ್ಲಿ ನಗೆಪಾಟಲಿನ ಮೊತ್ತವಲ್ಲ.

ಅಲ್ಲಿ 'ಕ್ಯಾಪಿಟಲ್ ಪೂಲ್' ಎಂಬ ಏರ್ಪಾಡೂ ಇದೆ; ಅದರ ಮೂಲರೂಪ 1986ರಲ್ಲಿ ಆಲ್ಬರ್ಟಾದಲ್ಲಿ ಆರಂಭವಾಯಿತು. ಅನುಭವಸ್ಥರು ಕೆಲವರು ತಮ್ಮ ಹಣ ಹಾಕಿ, ಯಾವ ವ್ಯವಹಾರವೂ ಇಲ್ಲದ ಬರಿಯ ಕಂಪನಿಯೊಂದನ್ನು ಪಟ್ಟಿ ಮಾಡಿಸುತ್ತಾರೆ. ಆಮೇಲೆ ನಿಮ್ಮಂಥ ವ್ಯವಹಾರವೊಂದನ್ನು ಹುಡುಕಿ ಅದರೊಳಕ್ಕೆ ತರುತ್ತಾರೆ. ನಿಮಗೆ ಬಂದಿರುವ ಪ್ರಸ್ತಾಪ ಬಹುಶಃ ಇದೇ ಬಗೆಯದು. ಹಾಗಿದ್ದರೆ ಹಣದ ಜೊತೆಗೆ ಹೊಸ ಪಾಲುದಾರರೂ ಮನೆಗೆ ಬರುತ್ತಾರೆ ಎಂಬುದನ್ನು ಮರೆಯಬೇಡಿ.

ಆದರೆ ಅಮೆರಿಕದಿಂದ ಉತ್ತರಕ್ಕೆ ಹೋಗಿ ದುಡ್ಡು ತಂದವರು ಯಾರು ಎಂದು ನೋಡಬೇಕು. ಗಣಿಯವರು ಹೋದದ್ದು, ಅವರ ಕಸುಬನ್ನು ಅರಿತು ಬೆಲೆಕಟ್ಟುವ ದಲ್ಲಾಳಿಗಳೂ ವಿಶ್ಲೇಷಕರೂ ಅಲ್ಲಿರುವುದರಿಂದ. ಗಾಂಜಾ ಕಂಪನಿಗಳು ಹೋದದ್ದು ಸ್ವದೇಶದ ಬಾಗಿಲು ಮುಚ್ಚಿದ್ದರಿಂದ: ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಆ ವ್ಯಾಪಾರ ನಿಷಿದ್ಧವಾಗಿದ್ದ ಕಾರಣ, ಕ್ಯೂರಾಲೀಫ್ 2018ರಲ್ಲಿ ಕೆನಡಾದ ಇನ್ನೊಂದು ಪೇಟೆಯಾದ ಸಿಎಸ್‌ಇಯಲ್ಲಿ ಪಟ್ಟಿಯಾಗುವ ಹೊತ್ತಿಗೆ ಸುಮಾರು 40 ಕೋಟಿ ಅಮೆರಿಕನ್ ಡಾಲರ್ ಎತ್ತಿತು. ನಿಮಗೆ ಈ ಎರಡು ಕಾರಣಗಳಲ್ಲಿ ಒಂದೂ ಇಲ್ಲ.

ಎರಡನೆಯದು, ಗಡಿ ದಾಟಿದ ಮಾತ್ರಕ್ಕೆ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆಯಾದ ಎಸ್‌ಇಸಿಯ ಕೈ ತಪ್ಪುವುದಿಲ್ಲ. ನಿಮ್ಮದು ಅಮೆರಿಕದಲ್ಲಿಯೇ ನೋಂದಣಿಯಾದ ಕಂಪನಿ; ಎಸ್‌ಇಸಿಯಲ್ಲಿ ನೋಂದಾಯಿಸದೆ ಅದರ ಷೇರುಗಳನ್ನು ಹೊರದೇಶದಲ್ಲಿ ಮಾರಿದರೂ ಅವು ನಿರ್ಬಂಧಿತ ಷೇರುಗಳೆನಿಸಿ, ನಿಗದಿತ ಅವಧಿಯವರೆಗೆ ಅಮೆರಿಕದವರ ಕೈಗೆ ಮರುಮಾರಾಟವಾಗದಂತೆ ನೋಡಿಕೊಳ್ಳುವ ಹೊಣೆ ನಿಮ್ಮ ಮೇಲಿರುತ್ತದೆ. ಆಸ್ತಿ 1 ಕೋಟಿ ಡಾಲರ್ ಮೀರಿ, ದಾಖಲೆಯಲ್ಲಿರುವ ಷೇರುದಾರರು 2,000ಕ್ಕೆ, ಅಥವಾ ಮಾನ್ಯತೆಯಿಲ್ಲದ (ಸಾಮಾನ್ಯವಾಗಿ, ಕಾನೂನು ಹೇಳುವಷ್ಟು ಆದಾಯ ಅಥವಾ ಸಂಪತ್ತು ಇಲ್ಲದ) ಹೂಡಿಕೆದಾರರು 500ಕ್ಕೆ ಮುಟ್ಟಿದರೆ, ಎಸ್‌ಇಸಿಯಲ್ಲಿಯೂ ನೋಂದಣಿ ಮಾಡಿಸಬೇಕಾಗುತ್ತದೆ. ಎರಡೂ ಕಡೆ ವಕೀಲರಿಗೆ ಕೊಡುವ ಶುಲ್ಕ ಒಂದು ಸಲದ್ದಲ್ಲ, ವರ್ಷವರ್ಷದ್ದು.

ಇನ್ನು ಪಟ್ಟಿಯಾದ ಮೇಲಿನ ಮಾತು. ಈ ಪೇಟೆಯಲ್ಲಿ 50 ಸೆಂಟಿಗಿಂತ ಕಡಿಮೆ ಬೆಲೆಯ ಷೇರು ಅರ್ಧರ್ಧ ಸೆಂಟಿನ ಮೆಟ್ಟಿಲುಗಳಲ್ಲಿ ಏರಿಳಿಯುತ್ತದೆ. ಕೊಳ್ಳುವವನು 12 ಸೆಂಟ್ ಎನ್ನುತ್ತಾನೆ, ಮಾರುವವನು 14 ಎನ್ನುತ್ತಾನೆ, ನಡುವೆ ಯಾರೂ ಬರದೆ ದಿನ ಮುಗಿಯುತ್ತದೆ. ಅಂಥ ಷೇರಿನ ಮೇಲೆ ಎರಡನೆಯ ಸಲ ಬಂಡವಾಳ ಎತ್ತಲು ಹೊರಟರೆ ಅಗ್ಗದ ಬೆಲೆಗೆ ಹೆಚ್ಚು ಷೇರು ಕೊಡಬೇಕಾಗಿ ನಿಮ್ಮ ಪಾಲು ಬೇಗ ಕರಗುತ್ತದೆ. ನಿಮ್ಮ ಗಾತ್ರದ ಸಾಫ್ಟ್‌ವೇರ್ ಕಂಪನಿಗಳು ಎಷ್ಟಿವೆ, ಅವುಗಳ ಷೇರು ದಿನಕ್ಕೆ ಎಷ್ಟು ಕೈಬದಲಾಗುತ್ತದೆ, ಸಲಹೆಗಾರರ ಪ್ರತಿಫಲ ನಗದೋ ಷೇರೋ ಎಂಬ ಮೂರನ್ನು ಕಾಗದದಲ್ಲಿ ಕೇಳಿ ಪಡೆಯಿರಿ. ಉತ್ತರ ಬರುವತನಕ ಲಾಭ ತೋರಿಸುವ ಲೆಕ್ಕಪತ್ರ ಹಿಡಿದು ಬ್ಯಾಂಕಿನ ಸಾಲದ ಮೇಜಿಗೂ ಒಮ್ಮೆ ಹೋಗಿಬನ್ನಿ.

ಪ್ರಶ್ನೆ: ಬೆಳಗಾವಿಯ ನಮ್ಮ ಕಂಪನಿ ಕೊಲಂಬೊ ಅಥವಾ ಢಾಕಾದಲ್ಲಿ ಹೀಗೆ ನೇರವಾಗಿ ಷೇರು ಪಟ್ಟಿ ಮಾಡಿಸಬಹುದೇ?

ಉತ್ತರ: ಆಗದು. 2024ರ ಜನವರಿಯ ನಿಯಮಗಳು ಭಾರತೀಯ ಕಂಪನಿಗಳ ನೇರ ಪಟ್ಟಿಗೆ ಅನುಮತಿಸಿರುವುದು ಗುಜರಾತಿನ ಗಿಫ್ಟ್ ಸಿಟಿಯಲ್ಲಿರುವ ಅಂತರರಾಷ್ಟ್ರೀಯ ವಿನಿಮಯ ಕೇಂದ್ರಗಳಲ್ಲಿ. ಇನ್ಫೋಸಿಸ್ 1999ರಲ್ಲಿ ನಾಸ್ಡಾಕ್‌ಗೆ ಹೋದದ್ದು ಷೇರಿನ ಬದಲು ಠೇವಣಿ ರಸೀದಿ ನೀಡುವ ಎಡಿಆರ್ ಮಾರ್ಗದಿಂದ; ಅದು ಬೇರೆಯೇ ಕಾನೂನಿನ ದಾರಿ.