ಒಂದು ಮಾತು ಕೇಳಬೇಕಿತ್ತು

ಟೀಚರ್, ನಾನು ಅಂಧೇರಿಯ ಒಂದು ಆಫೀಸಿನಲ್ಲಿ ಲೆಕ್ಕ ನೋಡುತ್ತೇನೆ. ಹೋದ ತಿಂಗಳು ಲಂಡನ್ನಿನ ಮ್ಯಾನೇಜರ್ ಒಂದು ಮೇಲ್ ಕಳಿಸಿದ್ದರು. ‘ಯೂ ಮೈಟ್ ವಾಂಟ್ ಟು ಲುಕ್ ಅಟ್ ದ ಸೆಕೆಂಡ್ ಕಾಲಮ್ ಅಗೇನ್’ ಅಂತ. ನನಗೆ ಬೇಕು ಅನಿಸಿದರೆ ನೋಡಬಹುದು ಅಂದುಕೊಂಡೆ. ಕೆಲಸ ಜಾಸ್ತಿ ಇತ್ತು, ನೋಡಲಿಲ್ಲ. ಎರಡು ದಿನ ಬಿಟ್ಟು, ಹೇಳಿದರೂ ಸರಿ ಮಾಡಿಲ್ಲ ಅಂತ ಬೇಜಾರು ಮಾಡಿಕೊಂಡರು. ಅವರು ಹೇಳಿದ್ದಾದರೂ ಎಲ್ಲಿ?
— ಡೊಂಬಿವಲಿಯ ಓದುಗರು

ಹೇಳಿದ್ದಾರೆ. ಆ ಸಾಲಿನ ಅರ್ಥ ‘ಎರಡನೇ ಕಾಲಮ್ಮಿನಲ್ಲಿ ತಪ್ಪಿದೆ, ಸರಿ ಮಾಡಿ’ ಅಂತಲೇ. ನಿಮ್ಮ ತಪ್ಪೇನೂ ಇಲ್ಲ. ನಮಗೆ ಶಾಲೆಯಲ್ಲಿ ಮೈಟ್ ಅಂದರೆ ‘ಬಹುದು’ ಅಂತ ಬಾಯಿಪಾಠ ಮಾಡಿಸಿದರು. ಅದನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ ಅನ್ನುವುದನ್ನು ಹೇಳಿಕೊಡಲಿಲ್ಲ.

ನಿಮ್ಮ ಮನೆಯಲ್ಲಿ ಮೊಸರಿಗೆ ಹೆಪ್ಪು ಇಲ್ಲ ಅಂತಿಟ್ಟುಕೊಳ್ಳಿ. ಪಕ್ಕದ ಮನೆ ಬಾಗಿಲು ತಟ್ಟಿ ಏನು ಹೇಳುತ್ತೀರಿ? ‘ಒಂಚೂರು ಹೆಪ್ಪು ಬೇಕಿತ್ತು.’ ನಿನ್ನೆ ಬೇಕಿತ್ತು, ಇವತ್ತು ಬೇಡ ಅಂತ ಅಲ್ಲವಲ್ಲ. ಈಗಲೇ ಬೇಕು, ಲೋಟ ಕೈಯಲ್ಲೇ ಇದೆ. ಆದರೂ ‘ಬೇಕು’ ಅನ್ನುವುದಿಲ್ಲ. ಮರಾಠಿ ಮನೆಯಾದರೆ ‘ಥೋಡಂ ವಿರಜಣ್ ಹವಂ ಹೋತಂ’ ಅಂತೀರಿ. ಅಲ್ಲೂ ‘ಹೋತಂ’, ಅಂದರೆ ‘ಇತ್ತು’. ಹಿಂದಿಯವರ ಹತ್ತಿರ ‘ಏಕ್ ಕಾಮ್ ಥಾ’. ಮೂರು ಭಾಷೆಯಲ್ಲೂ ಮಾತನ್ನು ಒಂದು ಹೆಜ್ಜೆ ಹಿಂದಿನ ಕಾಲಕ್ಕೆ ಸರಿಸುತ್ತೇವೆ. ಎದುರಿಗಿರುವವರಿಗೆ ‘ಇಲ್ಲ’ ಅನ್ನೋಕೆ ಒಂದಿಷ್ಟು ಜಾಗ ಬಿಡುತ್ತೇವೆ.

ಇಂಗ್ಲಿಷಿನವರು ಮಾಡುವುದೂ ಇದನ್ನೇ. ಕುಡ್, ವುಡ್, ಮೈಟ್ ಇವು ಮೂಲದಲ್ಲಿ ಕ್ಯಾನ್, ವಿಲ್, ಮೇ ಇವುಗಳ ಹಿಂದಿನ ಕಾಲದ ರೂಪಗಳು. ‘ಕ್ಯಾನ್ ಯೂ ಸೆಂಡ್ ಇಟ್’ ಅಂದರೆ ‘ಕಳಿಸ್ತೀರಾ’. ‘ಕುಡ್ ಯೂ ಸೆಂಡ್ ಇಟ್’ ಅಂದರೂ ಕೆಲಸ ಅದೇ, ಕಳಿಸಬೇಕಾದ್ದು ಇವತ್ತೇ. ‘ಕುಡ್’ ಅನ್ನುವಾಗ ಬಾಗಿಲಲ್ಲಿ ನಿಂತು ‘ಬೇಕಿತ್ತು’ ಅಂದ ಹಾಗೆ, ಅಷ್ಟೇ. ‘ಮೈಟ್ ವಾಂಟ್ ಟು’ ಅನ್ನುವುದು ಇನ್ನೂ ಒಂದು ಹೆಜ್ಜೆ ಹಿಂದೆ ನಿಂತು ಹೇಳುವ ಮಾತು. ಮೇಲಿನವರು ಇಷ್ಟು ಮೆತ್ತಗೆ ಹೇಳಿದರೆ ಕೆಲಸ ಬಿಟ್ಟು ಮೊದಲು ಅದನ್ನೇ ನೋಡಿ.

ಇನ್ನೆರಡು ವಿಷಯವನ್ನೂ ಹೇಳಿಬಿಡುತ್ತೇನೆ. ನಾಳೆ ಫೈಲ್ ಕಳಿಸುವುದಾದರೆ ‘ಐ ವಿಲ್ ಸೆಂಡ್’ ಅಂತಲೇ ಬರೆಯಿರಿ. ನಮ್ಮಲ್ಲಿ ತುಂಬ ಜನ ಮರ್ಯಾದೆಗೆ ಅಂತ ‘ಐ ವುಡ್ ಸೆಂಡ್’ ಬರೆಯುತ್ತಾರೆ. ಅದನ್ನು ಓದಿದ ಲಂಡನ್ನಿನವರು ‘ಕಳಿಸುತ್ತಿದ್ದೆ, ಆದರೆ...’ ಅಂತ ಕೇಳಿಸಿಕೊಂಡು, ಆ ‘ಆದರೆ’ ಏನು ಅಂತ ಕಾಯುತ್ತಾರೆ. ಹಾಗೆಯೇ ‘ಯೂ ಹ್ಯಾಡ್ ಬೆಟರ್’ ಅನ್ನುವುದನ್ನು ನಾವು ಒಳ್ಳೆಯ ಸಲಹೆ ಅಂತ ಕಲಿತಿದ್ದೇವೆ. ಅವರ ಕಿವಿಗೆ ಅದು ‘ಮಾಡಿದ್ರೆ ಒಳ್ಳೇದು, ಇಲ್ಲಾಂದ್ರೆ ನೋಡು’ ಅನ್ನುವ ಹಾಗೆ ಬೀಳುತ್ತದೆ. ಮ್ಯಾನೇಜರಿಗಂತೂ ಬರೆಯಲೇಬೇಡಿ.

ನಮ್ಮ ಸೊಸೈಟಿಯ ಸಭೆಗೆ ಬಾಡಿಗೆಯವರು ಬರಬೇಕಾಗಿಲ್ಲ ಅಂತ ನೋಟಿಸ್ ಹಾಕಬೇಕಿತ್ತು. ‘ಟೆನೆಂಟ್ಸ್ ಮಸ್ಟ್ ನಾಟ್ ಅಟೆಂಡ್’ ಅಂತ ಬರೆದೆ. ಅವರೆಲ್ಲ ಸಿಟ್ಟಾಗಿದ್ದಾರೆ. ಮಸ್ಟ್ ಅಂದರೆ ಬೇಕು, ನಾಟ್ ಅಂದರೆ ಇಲ್ಲ, ಸರಿ ತಾನೇ?
— ಮುಲುಂಡಿನಿಂದ ಒಬ್ಬರು ಸೆಕ್ರೆಟರಿ

ಬಿಡಿಸಿದರೆ ಸರಿ, ಸೇರಿಸಿದರೆ ತಪ್ಪು. ‘ಮಸ್ಟ್ ನಾಟ್’ ಅಂದರೆ ‘ಬರಬಾರದು’. ನಿಮಗೆ ಬೇಕಿದ್ದದ್ದು ‘ನೀಡ್ ನಾಟ್’ ಅಥವಾ ‘ಡು ನಾಟ್ ಹ್ಯಾವ್ ಟು’. ಕನ್ನಡದಲ್ಲಿ ‘ಬರಬಾರದು’, ‘ಬರಬೇಕಾಗಿಲ್ಲ’ ಎರಡೂ ಬೇರೆ ಬೇರೆ ಅಂತ ಮಗುವಿಗೂ ಗೊತ್ತು. ಮೊದಲು ನಿಮ್ಮ ಮಾತು ಈ ಎರಡರಲ್ಲಿ ಯಾವುದು ಅಂತ ನೋಡಿಕೊಂಡು ಆಮೇಲೆ ಇಂಗ್ಲಿಷಿಗೆ ಹೋಗಿ. ನೋಟಿಸ್ ಇವತ್ತೇ ಬದಲಾಯಿಸಿ.

‘ಮಸ್ಟ್’ ವಿಷಯದಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ಮುಂಬಯಿಯ ಫೋರ್ಟಿನ ಒಂದು ರಾತ್ರಿ ಶಾಲೆಯಲ್ಲಿ 22 ವರ್ಷ ಇಂಗ್ಲಿಷ್ ಕಲಿಸಿದೆ. ಬರುವವರು ಹೆಚ್ಚಿನವರು ಉಡುಪಿ, ಕುಂದಾಪುರ ಕಡೆಯ ಹೋಟೆಲ್ ಹುಡುಗರು. ಕೈ ಎಷ್ಟು ತೊಳೆದರೂ ಬೆರಳಿನಲ್ಲಿ ಈರುಳ್ಳಿ ವಾಸನೆ ಇರುತ್ತಿತ್ತು. ಒಂದು ಸಂಜೆ ಒಬ್ಬ ಹುಡುಗ ಅಳುಮುಖ ಮಾಡಿಕೊಂಡು ಬಂದ. ಹೊರದೇಶದ ಹೆಂಗಸೊಬ್ಬರು ತಿಂಡಿ ತಿಂದು ಬಿಲ್ ಹಿಡಿದುಕೊಂಡು ಆಚೆ ಈಚೆ ನೋಡುತ್ತಿದ್ದರಂತೆ. ಇವನು ಗಲ್ಲಾ ಕಡೆ ಕೈ ತೋರಿಸಿ ‘ಯೂ ಮಸ್ಟ್ ಪೇ ದೇರ್’ ಅಂದ. ಅವರ ಮುಖ ಕೆಂಪಾಯಿತು. ದುಡ್ಡು ಕೊಡದೆ ಹೋಗುವವಳು ಅಂದುಕೊಂಡೆಯಾ ಅಂತ ಜಗಳಕ್ಕೇ ಬಂದರಂತೆ. ‘ಅಕ್ಕಾ, ನೀವೇ ಕಲಿಸಿದ್ದಲ್ವಾ, ಬೇಕು ಅಂದ್ರೆ ಮಸ್ಟ್ ಅಂತ?’ ಅಂದ.

ಹೌದು, ನಾನೇ ಕಲಿಸಿದ್ದು. ಕನ್ನಡದಲ್ಲಿ ‘ಅಲ್ಲಿ ಕೊಡಬೇಕು’ ಅಂದರೆ ಬರೀ ದಾರಿ ತೋರಿಸಿದ ಹಾಗೆ. ‘ಮಸ್ಟ್’ನಲ್ಲಿ ಅಪ್ಪಣೆ ಇದೆ. ‘ಯೂ ಕ್ಯಾನ್ ಪೇ ದೇರ್, ಮ್ಯಾಡಮ್’ ಅನ್ನಬೇಕಿತ್ತು. ಅದೇ ಹುಡುಗ ಅದೇ ಹೆಂಗಸಿಗೆ ‘ಯೂ ಮಸ್ಟ್ ಟ್ರೈ ಅವರ್ ನೀರುದೋಸೆ’ ಅಂದಿದ್ದರೆ ನಕ್ಕು ಕೂತಿರುತ್ತಿದ್ದರು. ದುಡ್ಡು ಕೊಟ್ಟರೆ ಲಾಭ ಹೋಟೆಲಿಗೆ, ದೋಸೆ ತಿಂದರೆ ಖುಷಿ ಅವರಿಗೆ. ನಾವು ಮದುವೆಗೆ ಕರೆಯುವಾಗ ‘ಬರಲೇಬೇಕು’ ಅನ್ನುವುದಿಲ್ವಾ, ಹಾಗೆ. ಮರುದಿನದಿಂದ ‘ಬೇಕು ಅಂದರೆ ಮಸ್ಟ್’ ಅಂತ ಬೋರ್ಡಿನ ಮೇಲೆ ಬರೆಯುವುದನ್ನು ಬಿಟ್ಟೆ. ಅವನ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಕುಡ್ ಅನ್ನುವಲ್ಲಿ ‘ಎಲ್’ ಅಕ್ಷರ ಯಾಕೆ ಬರೆಯುತ್ತಾರೆ? ಹೇಳುವುದೇ ಇಲ್ಲವಲ್ಲ.
— ಪುಣೆಯ ಎಂಟನೇ ಕ್ಲಾಸಿನ ಹುಡುಗಿ

ಜಾಣ ಪ್ರಶ್ನೆ, ಪುಟ್ಟಿ. ವುಡ್ ಬಂದಿದ್ದು ವಿಲ್‌ನಿಂದ, ಶುಡ್ ಬಂದಿದ್ದು ಶಲ್‌ನಿಂದ. ಆ ಎರಡಕ್ಕೂ ‘ಎಲ್’ ಹುಟ್ಟಿನಿಂದಲೇ ಇತ್ತು. ಕ್ಯಾನ್‌ನಲ್ಲಿ ‘ಎಲ್’ ಎಲ್ಲಿದೆ? ಹಳೆಯ ಕಾಲದಲ್ಲಿ ಕುಡ್‌ಗೂ ಇರಲಿಲ್ಲ. ಆ ಎರಡನ್ನು ನೋಡಿ ಇದಕ್ಕೂ ಸೇರಿಸಿದರು.

ನಾನು ಹಳೆಯ ಮೆಟ್ರಿಕ್ಕಿನವನು. ಐ ಮತ್ತು ವಿ ಬಂದರೆ ಶಲ್, ಉಳಿದವಕ್ಕೆ ವಿಲ್ ಅಂತ ಕಲಿತವನು. ಮೊಮ್ಮಗಳು ‘ಅಜ್ಜ, ಶಲ್ ಸತ್ತುಹೋಯಿತು’ ಅನ್ನುತ್ತಾಳೆ. ಹೌದೇ?
— ಮಾಟುಂಗಾದ ಹಿರಿಯ ಓದುಗರು

ಆ ನಿಯಮವನ್ನು ಪುಸ್ತಕಕ್ಕೆ ತಂದವರಲ್ಲಿ ಮೊದಲಿಗರು ಜಾನ್ ವಾಲಿಸ್. 1653ರಲ್ಲಿ ಇಂಗ್ಲಿಷಿನ ವ್ಯಾಕರಣವನ್ನು ಲ್ಯಾಟಿನ್ನಿನಲ್ಲಿ ಬರೆದರು. ಅವರು ಆಕ್ಸ್‌ಫರ್ಡಿನ ಗಣಿತದ ಪ್ರೊಫೆಸರ್. ಕೊನೆಯಿಲ್ಲದ ಸಂಖ್ಯೆಗೆ ಮಲಗಿದ ಎಂಟರ ಗುರುತು ಕೊಟ್ಟವರೂ ಅವರೇ. ಜನ ದಿನಾ ಆಡುವ ಮಾತು ಆ ನಿಯಮಕ್ಕೆ ಪೂರ್ತಿ ಸಿಗಲಿಲ್ಲ. ಈಗ ‘ಐ ವಿಲ್ ಗೋ’ ಅಂದರೆ ಯಾರೂ ತಪ್ಪು ಅನ್ನುವುದಿಲ್ಲ. ಅಷ್ಟರ ಮಟ್ಟಿಗೆ ಮೊಮ್ಮಗಳು ಸರಿ.

ಆದರೆ ಶಲ್ ಸತ್ತಿಲ್ಲ. ಕರಾರು ಪತ್ರಗಳಲ್ಲಿ ‘ಶಲ್ ಪೇ’ ಅಂತ ಗಟ್ಟಿಯಾಗಿ ಕೂತಿದೆ, ಕೊಡಲೇಬೇಕು ಅಂತ ಅದರ ಅರ್ಥ. ಇನ್ನೊಂದು ಜಾಗ ಮನೆಯೊಳಗೇ ಇದೆ. ‘ಕಿಟಕಿ ತೆಗೀಲಾ?’, ‘ಚಹಾ ಮಾಡಲಾ?’ ಅಂತ ನಾವು ಕೇಳುತ್ತೇವಲ್ಲ, ಆ ‘ಲಾ’ಗೆ ಇಂಗ್ಲೆಂಡಿನವರು ಇವತ್ತೂ ‘ಶಲ್ ಐ’ ಅನ್ನುತ್ತಾರೆ. ಅಮೆರಿಕದವರು ಹೆಚ್ಚಾಗಿ ‘ಶುಡ್ ಐ’ ಅನ್ನುತ್ತಾರೆ. ‘ವಿಲ್ ಐ ಮೇಕ್ ಟೀ’ ಅಂದರೆ ‘ನಾನು ಚಹಾ ಮಾಡ್ತೀನಾ’ ಅಂತ ತನ್ನನ್ನೇ ಕೇಳಿಕೊಂಡ ಹಾಗೆ ಕೇಳಿಸಬಹುದು. ಇವತ್ತು ಸಂಜೆ ‘ಶಲ್ ಐ ಮೇಕ್ ಸಮ್ ಟೀ?’ ಅಂತ ಮೊಮ್ಮಗಳನ್ನು ಕೇಳಿ ನೋಡಿ. ಅವಳು ಏನಂದಳು ಅಂತ ನನಗೂ ಒಂದು ಸಾಲು ಬರೆಯಿರಿ.